ಪತ್ತೇದಾರನಿಗೆ ಯಾರು ಜೋಡಿ? ಪಾತ್ರಗಳಿಗಾಗಿ ಜಗಳ ಆಡುವುದು ನಿಜಕ್ಕೂ ‘ಮಾನಸಿಕ ರೋಗ’ವೇ?

‘ಸಿನಿಮಾ, ಸೀರಿಯಲ್ ಪಾತ್ರಗಳಿಗಾಗಿ ಜಗಳ ಆಡುವವರ ಮಿದುಳಿಗೆ ನಿಜ ಯಾವುದು, ಕತೆ ಯಾವುದು ಎಂದು ಗೊತ್ತಾಗುವುದಿಲ್ಲ. ಇದೊಂದು ಮಾನಸಿಕ ರೋಗ ಎಂದು ಅಮೆರಿಕದ ವಿಜ್ಞಾನಿಗಳೇ ಹೇಳಿದ್ದಾರೆ. ನಿಮ್ಮ ಮನೆಯ ಹೆಣ್ಣುಮಕ್ಕಳಿಗೆ ತಪ್ಪದೇ ಕಳಿಸಿ.’ ಈ ಧಾಟಿಯ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಓದುಗರು ಇದನ್ನು ನಮಗೆ ಕಳಿಸಿ, ‘ಇದು ನಿಜವಾ?’ ಎಂದು ಕೇಳಿದ್ದಾರೆ. ಒಬ್ಬರಂತೂ ‘ನಮ್ಮ ಮನೆಯಲ್ಲಿ ನಾಲ್ಕು ಜನ ಇದ್ದೇವೆ, ಹಾಗಾದರೆ ನಾಲ್ವರಿಗೂ ರೋಗವೇ’ ಎಂದೂ ಸೇರಿಸಿದ್ದರು.

ಇಲ್ಲ, ರೋಗವಲ್ಲ. ಆದರೆ ಈ ಸಂದೇಶ ಪೂರ್ತಿ ಗಾಳಿಯಿಂದ ಹುಟ್ಟಿದ್ದೂ ಅಲ್ಲ. ನಿಜವಾದ ಒಂದು ಸಂಶೋಧನೆಯನ್ನು ತಲೆಕೆಳಗು ಮಾಡಿದರೆ ಸಿಗುವುದು ಇದೇ ಮಾತು. ಅಲ್ಲಿಗೆ ಆಮೇಲೆ ಬರೋಣ. ಮೊದಲು ಜಗಳದ ವಿಷಯ.

ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಈ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳ ಮುಂದೆ ರಾತ್ರಿಯಿಡೀ ಯಾರಾದರೂ ಎಚ್ಚರ ಇರಲೇಬೇಕು. ಬೆಂಕಿ ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ನಷ್ಟ. ಹಿಂದೆ ಆ ಹೊತ್ತು ಮಾತಿನಲ್ಲಿ ಕಳೆಯುತ್ತಿತ್ತು, ಈಗ ಮೊಬೈಲ್ ಇದೆ. ಮೊಬೈಲಿನಲ್ಲಿ ಪತ್ತೇದಾರಿ ಕತೆ ಇದ್ದರೆ ನಿದ್ದೆ ಹತ್ತಿರ ಸುಳಿಯುವುದಿಲ್ಲ. 2019ರಲ್ಲಿ ಬಂದ ‘ಬೆಲ್ ಬಾಟಮ್’ ನಿಮಗೆ ನೆನಪಿರಬಹುದು. ಜಯತೀರ್ಥ ನಿರ್ದೇಶನ, ರಿಷಬ್ ಶೆಟ್ಟಿ ಡಿಟೆಕ್ಟಿವ್ ದಿವಾಕರ, ಹರಿಪ್ರಿಯಾ ಕುಸುಮ. ಕತೆ ನಡೆಯುವುದು ಎಂಬತ್ತರ ದಶಕದಲ್ಲಿ, ಬೀಗ ಹಾಕಿದ ಪೊಲೀಸ್ ಠಾಣೆಯೊಳಗಿಂದಲೇ ಮಾಲು ಮಾಯವಾಗುವ ಪ್ರಕರಣ. 2021ರಲ್ಲಿ ಎರಡನೇ ಭಾಗದ ಮುಹೂರ್ತದ ಸುದ್ದಿ ಬಂದಾಗ ಹರಿಪ್ರಿಯಾ ಜೊತೆಗೆ ತಾನ್ಯಾ ಹೋಪ್ ಹೆಸರೂ ಇತ್ತು. ಒಬ್ಬ ಪತ್ತೇದಾರ, ಇಬ್ಬರು ನಾಯಕಿಯರು ಎಂದ ಕೂಡಲೇ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ ‘ಕಳ್ಳ ಯಾರು’ ಅಲ್ಲ, ‘ಕುಸುಮನ ಗತಿ ಏನು’ ಎಂಬುದು.

ಪತ್ತೇದಾರಿ ಅಲ್ಲದ ಕತೆಗಳಲ್ಲೂ ಇದೇ ಪಾಡು. ‘ಪುಟ್ಟಗೌರಿ ಮದುವೆ’ಯಲ್ಲಿ ಮಹೇಶನಿಗೆ ಗೌರಿಯೋ ಹಿಮಾಳೋ ಎಂದು ಮನೆಮನೆಯಲ್ಲಿ ಪಂಚಾಯ್ತಿ ನಡೆದಿತ್ತು. 2023ರಲ್ಲಿ ‘ಸಪ್ತ ಸಾಗರದಾಚೆ ಎಲ್ಲೋ’ ಎರಡು ಭಾಗಗಳಾಗಿ ಬಂದಾಗ ಪ್ರಿಯಾ ಪಕ್ಷ, ಸುರಭಿ ಪಕ್ಷ ಎಂದು ಕಾಲೇಜು ಹುಡುಗರೇ ಎರಡು ಭಾಗವಾದರು. ‘ಹೆಣ್ಣುಮಕ್ಕಳಿಗೆ ಕಳಿಸಿ’ ಎಂದು ಸಂದೇಶ ಬರೆದವರು ಆ ಹುಡುಗರ ಸ್ಟೇಟಸ್ ನೋಡಿರಲಿಕ್ಕಿಲ್ಲ.

ಪತ್ತೇದಾರಿ ಕತೆಯಲ್ಲೇ ಯಾಕೆ ಇಷ್ಟು ಬಿಸಿ?

ಪತ್ತೇದಾರಿ ಕತೆ ಕನ್ನಡಕ್ಕೆ ನಿನ್ನೆ ಮೊನ್ನೆ ಬಂದದ್ದಲ್ಲ. ಕನ್ನಡದ ಮೊದಮೊದಲ ಪತ್ತೇದಾರಿ ಬರಹಗಳ ಮಾತು ಬಂದಾಗ ಎಂ. ವೆಂಕಟಕೃಷ್ಣಯ್ಯನವರ ‘ಚೋರಗ್ರಹಣ ತಂತ್ರ’ದ ಹೆಸರು ಬರುತ್ತದೆ. ಮೈಸೂರಿನ ಜನ ‘ತಾತಯ್ಯ’ ಎಂದು ಕರೆಯುತ್ತಿದ್ದ ಇವರು ಹುಟ್ಟಿದ್ದು ಎಚ್.ಡಿ. ಕೋಟೆ ತಾಲ್ಲೂಕಿನ ಮಗ್ಗೆಯಲ್ಲಿ. ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರು, ಪತ್ರಕರ್ತರು. ಕೋಟೆ ಕಡೆಯವರು ಈ ವಿಷಯ ಫಾರ್ವರ್ಡ್ ಮಾಡಿದರೆ ನಮ್ಮ ಆಕ್ಷೇಪ ಇಲ್ಲ. ಆಮೇಲೆ ಎನ್. ನರಸಿಂಹಯ್ಯನವರು ಬಂದು ನೂರಾರು ಪತ್ತೇದಾರಿ ಕಾದಂಬರಿ ಬರೆದರು. ಹೆಚ್ಚು ಓದದವರನ್ನೂ ಓದುವ ಚಟಕ್ಕೆ ಹಚ್ಚಿದವರು ಅವರು.

ಪತ್ತೇದಾರಿ ಕತೆಯಲ್ಲಿ ಪ್ರೇಮ ಇರಲೇಬಾರದು ಎಂದು ಕಟ್ಟಪ್ಪಣೆ ಮಾಡಿದವರೂ ಇದ್ದರು. ಅಮೆರಿಕದ ಲೇಖಕ ಎಸ್.ಎಸ್. ವ್ಯಾನ್ ಡೈನ್ 1928ರಲ್ಲಿ ಪತ್ತೇದಾರಿ ಕತೆಗೆ 20 ನಿಯಮ ಬರೆದ. ಪ್ರೇಮಪ್ರಕರಣ ಬೇಡ ಎಂಬುದೂ ಅದರಲ್ಲಿ ಒಂದು. ಯಾರೂ ಕೇಳಲಿಲ್ಲ. ಎರಡೇ ವರ್ಷಕ್ಕೆ, 1930ರಲ್ಲಿ, ಇಂಗ್ಲೆಂಡಿನ ಡೊರೊಥಿ ಸೇಯರ್ಸ್ ತನ್ನ ಪತ್ತೇದಾರ ಲಾರ್ಡ್ ಪೀಟರ್ ವಿಮ್ಸಿಯನ್ನು ಕೊಲೆ ಆರೋಪ ಹೊತ್ತ ಹ್ಯಾರಿಯೆಟ್ ವೇನ್ ಎಂಬ ಲೇಖಕಿಯ ಪ್ರೇಮದಲ್ಲಿ ಬೀಳಿಸಿದಳು. ಅವರ ಮದುವೆಗೆ ಓದುಗರು 1937ರವರೆಗೆ ಕಾಯಬೇಕಾಯಿತು.

ಕಾಯಿಸುವುದೇ ಇಲ್ಲಿನ ಗುಟ್ಟು. ಪತ್ತೇದಾರಿ ಸರಣಿಯಲ್ಲಿ ಎರಡು ಪ್ರಶ್ನೆಗಳು ಒಟ್ಟಿಗೆ ಓಡುತ್ತವೆ. ಅಪರಾಧಿ ಯಾರು ಎಂಬುದಕ್ಕೆ ಕಂತು ಮುಗಿಯುವಷ್ಟರಲ್ಲಿ ಉತ್ತರ ಸಿಗುತ್ತದೆ. ಜೋಡಿ ಯಾರು ಎಂಬುದನ್ನು ಬೇಕೆಂದೇ ತೆರೆದಿಡುತ್ತಾರೆ, ಏಕೆಂದರೆ ಅದಕ್ಕೂ ಉತ್ತರ ಕೊಟ್ಟರೆ ಮುಂದಿನ ಕಂತು ನೋಡಲು ಒಂದು ಕಾರಣ ಕಡಿಮೆಯಾಗುತ್ತದೆ. ಕತೆ ಹಳೆಯ ಕಾಲದ್ದಾದರೆ ತಡಮಾಡುವುದು ಇನ್ನೂ ಸುಲಭ. ಮೊಬೈಲ್ ಇಲ್ಲ, ಪತ್ರ ತಪ್ಪಿ ಬೇರೆಯವರ ಕೈಗೆ ಹೋಗುತ್ತದೆ, ಮನೆತನ ಅಡ್ಡ ಬರುತ್ತದೆ. ಇವತ್ತಿನ ಕತೆಯಲ್ಲಾದರೆ ಒಂದು ಮಿಸ್ಡ್ ಕಾಲ್‌ನಲ್ಲಿ ಮುಗಿಯುವ ಗೊಂದಲ ಅಲ್ಲಿ ಹತ್ತು ಕಂತು ಎಳೆಯುತ್ತದೆ.

ಇದಕ್ಕೆ ಸರಿಯಾದ ಉದಾಹರಣೆ 2020ರಲ್ಲಿ ಶುರುವಾದ ಇಂಗ್ಲಿಷ್ ಸರಣಿ ‘ಮಿಸ್ ಸ್ಕಾರ್ಲೆಟ್ ಅಂಡ್ ದಿ ಡ್ಯೂಕ್’. 1880ರ ದಶಕದ ಲಂಡನ್. ತಂದೆ ಸತ್ತ ಮೇಲೆ ಅವರ ಪತ್ತೇದಾರಿ ಕಚೇರಿ ನಡೆಸುವ ಎಲೈಜಾ ಸ್ಕಾರ್ಲೆಟ್, ಅವಳ ಬಾಲ್ಯದ ಗೆಳೆಯ ಇನ್‌ಸ್ಪೆಕ್ಟರ್ ವಿಲಿಯಂ. ನಾಲ್ಕು ಸೀಸನ್ ಪ್ರೇಕ್ಷಕರನ್ನು ಕಾಯಿಸಿದ ಮೇಲೆ ವಿಲಿಯಂ ಪಾತ್ರದ ನಟ ಸರಣಿ ಬಿಟ್ಟರು. ಹೆಸರಿನಿಂದ ‘ಡ್ಯೂಕ್’ ಹೋಯಿತು, ಅಲೆಕ್ಸಾಂಡರ್ ಬ್ಲೇಕ್ ಎಂಬ ಹೊಸ ಇನ್‌ಸ್ಪೆಕ್ಟರ್ ಬಂದ. ‘ವಿಲಿಯಮ್ಮೇ ಸರಿ’ ಎನ್ನುವವರಿಗೂ ‘ಬ್ಲೇಕ್ ಅವಳ ಕೆಲಸಕ್ಕೆ ಹೆಚ್ಚು ಗೌರವ ಕೊಡುತ್ತಾನೆ’ ಎನ್ನುವವರಿಗೂ ವಾದ ಶುರುವಾಯಿತು. ಗಮನಿಸಿ, ಎರಡನೆಯ ವಾದ ಬರೀ ಪ್ರೇಮದ್ದಲ್ಲ. ದುಡಿಯುವ ಹೆಂಗಸಿಗೆ ಎಂಥ ಗಂಡ ಬೇಕು ಎಂಬ ಪ್ರಶ್ನೆ ಅದು. ನಮ್ಮ ಮನೆಗಳಲ್ಲಿ ಅತ್ತೆ, ಸೊಸೆ, ಮಗಳು ಎದುರಾಎದುರು ಕೂತು ನೇರವಾಗಿ ಮಾತಾಡಲಾಗದ ವಿಷಯವನ್ನು ಗೌರಿ, ಹಿಮಾ ಹೆಸರಿನಲ್ಲಿ ಆರಾಮಾಗಿ ಮಾತಾಡಬಹುದು. ‘ಅವಳು ಸಹಿಸಿಕೊಂಡದ್ದೇ ತಪ್ಪು’ ಎಂದು ಸೀರಿಯಲ್ ನೋಡುತ್ತಾ ಹೇಳಿದ ಮಾತು ಯಾರಿಗೆ ತಲುಪಬೇಕೋ ಅವರಿಗೆ ತಲುಪಿರುತ್ತದೆ.

ವಿಜ್ಞಾನಿಗಳು ಹೇಳಿದ್ದೇನು?

ಈಗ ಆ ‘ಅಮೆರಿಕದ ವಿಜ್ಞಾನಿಗಳ’ ಹತ್ತಿರ ಬರೋಣ. 1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬಿಬ್ಬರು ರೇಡಿಯೋ, ಟಿವಿಯಲ್ಲಿ ಬರುವವರ ಜೊತೆ ಜನ ಬೆಳೆಸಿಕೊಳ್ಳುವ ಒಮ್ಮುಖ ನಂಟಿನ ಬಗ್ಗೆ ಒಂದು ಲೇಖನ ಬರೆದರು. ನಮಗೆ ಅವರು ಗೊತ್ತು, ಅವರಿಗೆ ನಾವು ಗೊತ್ತಿಲ್ಲ, ಆದರೂ ಹತ್ತಿರದವರು ಅನಿಸುತ್ತದೆ. ಇದಕ್ಕೆ ಅವರು ಕೊಟ್ಟ ಹೆಸರು ‘ಪ್ಯಾರಾಸೋಶಿಯಲ್’ ಸಂಬಂಧ. ಆ ಲೇಖನ ಅಚ್ಚಾದ ಪತ್ರಿಕೆಯ ಹೆಸರು ‘ಸೈಕಿಯಾಟ್ರಿ’, ಅಂದರೆ ಮನೋವೈದ್ಯಶಾಸ್ತ್ರ. ಪತ್ರಿಕೆಯ ಹೆಸರು ನೋಡಿ ರೋಗ ಎಂದುಕೊಳ್ಳುವುದು ಸುಲಭ. ಲೇಖನದೊಳಗೆ ಇರುವುದು ಬೇರೆ. ಹೆಚ್ಚಿನವರಿಗೆ ಇದು ದಿನದ ಬದುಕಿನ ಜೊತೆ ಹೊಂದಿಕೊಂಡು ಹೋಗುವ ಸಹಜ ಸಂಗತಿ. ನಿಜವಾದ ಮನುಷ್ಯರ ಒಡನಾಟವನ್ನು ಬಿಟ್ಟು, ಎದುರಿನ ವಾಸ್ತವವನ್ನೇ ಧಿಕ್ಕರಿಸುವ ಮಟ್ಟಕ್ಕೆ ಹೋದಾಗ ಮಾತ್ರ ಅದನ್ನು ಕಾಯಿಲೆ ಎನ್ನಬಹುದು ಎಂದು ಅವರೇ ಗೆರೆ ಎಳೆದಿದ್ದಾರೆ. ಕುಸುಮನಿಗಾಗಿ ವಾದ ಮಾಡಿ, ಬೆಳಿಗ್ಗೆ ಎದ್ದು ಹಾಲು ಕರೆಯಲು ಹೋಗುವವರು ಆ ಗೆರೆಯಿಂದ ಬಹಳ ದೂರದಲ್ಲಿದ್ದಾರೆ.

ಇನ್ನೊಂದು ಅಧ್ಯಯನವೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ‘ಫ್ರೆಂಡ್ಸ್’ ಸರಣಿ 2004ರಲ್ಲಿ ಮುಗಿದಾಗ ಅದರ ಪ್ರೇಕ್ಷಕರಿಗೆ ಎಷ್ಟು ನೋವಾಯಿತು ಎಂದು ಕೆರೆನ್ ಎಯಾಲ್ ಮತ್ತು ಜೊನಾಥನ್ ಕೊಹೆನ್ ಅಳೆದು 2006ರಲ್ಲಿ ಪ್ರಕಟಿಸಿದರು. ನೋವು ಆಗಿದ್ದು ನಿಜ. ಆದರೆ ನಿಜಜೀವನದ ಸಂಬಂಧ ಮುರಿದಾಗ ಆಗುವುದಕ್ಕಿಂತ ಅದು ಹಗುರ. ಮಿದುಳಿಗೆ ವ್ಯತ್ಯಾಸ ಗೊತ್ತು.

ಹಾಗಾದರೆ ಒಂದೇ ಕಂತು ನೋಡಿದ ಇಬ್ಬರಿಗೆ ಎರಡು ಬೇರೆ ಕತೆ ಕಾಣುವುದು ಯಾಕೆ? ಇದಕ್ಕೆ 1951ರ ಒಂದು ಫುಟ್‌ಬಾಲ್ ಪಂದ್ಯಕ್ಕೆ ಹೋಗಬೇಕು. ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಕಾಲೇಜುಗಳ ನಡುವೆ ಒರಟು ಪಂದ್ಯ ನಡೆದು ಜಗಳವಾಗಿತ್ತು. ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ಮನಶ್ಶಾಸ್ತ್ರಜ್ಞರು ಎರಡೂ ಕಾಲೇಜಿನ ವಿದ್ಯಾರ್ಥಿಗಳಿಗೆ ಪಂದ್ಯದ ಅದೇ ಫಿಲ್ಮ್ ತೋರಿಸಿ, ತಪ್ಪಾಟ ಎಣಿಸಲು ಹೇಳಿದರು. ಡಾರ್ಟ್‌ಮತ್ ಆಟಗಾರರು ಮಾಡಿದ ತಪ್ಪುಗಳು ಪ್ರಿನ್ಸ್‌ಟನ್ ಹುಡುಗರ ಎಣಿಕೆಯಲ್ಲಿ ಡಾರ್ಟ್‌ಮತ್ ಹುಡುಗರ ಎಣಿಕೆಯ ಎರಡರಷ್ಟಕ್ಕೂ ಹೆಚ್ಚಿದ್ದವು. ಯಾರೂ ಸುಳ್ಳು ಹೇಳಿರಲಿಲ್ಲ, ಅವರಿಗೆ ಕಂಡದ್ದೇ ಅಷ್ಟು. ಪಕ್ಷ ಮೊದಲು, ಸಾಕ್ಷಿ ಆಮೇಲೆ. ಅಭಿಮಾನಿಯೂ ಒಬ್ಬ ಪತ್ತೇದಾರನೇ. ನಾಯಕ ಯಾರ ಕಡೆ ಎಷ್ಟು ಹೊತ್ತು ನೋಡಿದ, ಯಾರಿಗೆ ಛತ್ರಿ ಹಿಡಿದ ಎಂದು ಸುಳಿವು ಕೂಡಿಹಾಕುತ್ತಾನೆ. ಆದರೆ ಅಪರಾಧಿ ಯಾರೆಂದು ಮೊದಲೇ ತೀರ್ಮಾನಿಸಿ ತನಿಖೆಗೆ ಹೊರಟ ಪತ್ತೇದಾರ.

ನಡುವೆ ಒಂದು ಪಕ್ಕದ ಮಾತು. ಇಂಥ ಸಂದೇಶಗಳಲ್ಲಿ ಷರ್ಲಾಕ್ ಹೋಮ್ಸ್ ಕತೆಯೂ ಬರುತ್ತದೆ: 1893ರಲ್ಲಿ ಕಾನನ್ ಡಾಯ್ಲ್ ಹೋಮ್ಸ್‌ನನ್ನು ಸಾಯಿಸಿದಾಗ ಲಂಡನ್ನಿನ ಜನ ತೋಳಿಗೆ ಕಪ್ಪುಪಟ್ಟಿ ಕಟ್ಟಿ ಓಡಾಡಿದರಂತೆ. ಓದುಗರು ಸಿಟ್ಟಾಗಿ ಲೇಖಕನಿಗೆ ಬೈದು ಬರೆದದ್ದು ನಿಜ, ಒತ್ತಾಯಕ್ಕೆ ಮಣಿದು ಆತ 1903ರಲ್ಲಿ ಹೋಮ್ಸ್‌ನನ್ನು ಬದುಕಿಸಿ ತಂದದ್ದೂ ನಿಜ. ಕಪ್ಪುಪಟ್ಟಿಗೆ ಮಾತ್ರ ಆ ಕಾಲದ ಗಟ್ಟಿ ಸಾಕ್ಷಿ ಇಲ್ಲ. ಹೋಮ್ಸ್‌ನ ಪ್ರೇಮದ ವಿಷಯದಲ್ಲಿ ಡಾಯ್ಲ್‌ಗೆ ಅಷ್ಟೇನೂ ಹಟ ಇರಲಿಲ್ಲ. ವಿಲಿಯಂ ಜಿಲೆಟ್ ಎಂಬ ನಟ, ನಾಟಕದಲ್ಲಿ ಹೋಮ್ಸ್‌ಗೆ ಮದುವೆ ಮಾಡಿಸಬಹುದೇ ಎಂದು ಕೇಳಿದಾಗ, ಮದುವೆ ಮಾಡಿಸು, ಕೊಲ್ಲು, ಏನಾದರೂ ಮಾಡಿಕೊ ಎಂಬರ್ಥದ ಉತ್ತರ ಬಂತು. ಇವತ್ತಿಗೂ ಹೋಮ್ಸ್‌ಗೆ ಜೋಡಿ ಎನ್ನಿಸಿಕೊಳ್ಳುವ ಐರೀನ್ ಆ್ಯಡ್ಲರ್ ಮೂಲದಲ್ಲಿ ನಾಯಕಿಯಾಗಿ ಬರುವುದು 1891ರ ಒಂದೇ ಒಂದು ಸಣ್ಣ ಕತೆಯಲ್ಲಿ. ಅದರಲ್ಲೂ ಇದು ಪ್ರೇಮವಲ್ಲ ಎಂದು ವ್ಯಾಟ್ಸನ್ ಮೊದಲೇ ಹೇಳಿಬಿಡುತ್ತಾನೆ. ಉಳಿದದ್ದೆಲ್ಲ ಆಮೇಲಿನವರು ಕಟ್ಟಿದ್ದು.

ಜಗಳ ಪಾತ್ರ ದಾಟಿ ನಟಿಯ ಮನೆಗೆ ಹೋದಾಗ

ನಮಗೆ ನಿಜವಾಗಿ ಚಿಂತೆ ಹುಟ್ಟಿಸುವುದು ಇದು. ‘ಎರಡನೆಯವಳ’ ಪಾತ್ರ ಮಾಡುವ ನಟಿಯ ಖಾತೆಗೆ ಹೋಗಿ ‘ಮನೆಹಾಳಿ’ ಎಂದು ಬರೆಯುವುದು, ಅವಳ ಫೋಟೋ ತಿದ್ದಿ ಗ್ರೂಪಿಗೆ ಹಾಕುವುದು, ‘ಆ ನಟನೂ ಈ ನಟಿಯೂ ಗುಟ್ಟಾಗಿ ಮದುವೆಯಾದರು’ ಎಂದು ಸೀರಿಯಲ್ ಮದುವೆಯ ದೃಶ್ಯವನ್ನೇ ಸುದ್ದಿಯಂತೆ ಹಂಚುವುದು. ಇದಕ್ಕೂ ಮನಶ್ಶಾಸ್ತ್ರದಲ್ಲಿ ವಿವರಣೆ ಇದೆ. ಪಾತ್ರದ ಗುಣವನ್ನು ಪ್ರೇಕ್ಷಕರು ನಟರಿಗೇ ಅಂಟಿಸುತ್ತಾರೆ ಎಂಬುದನ್ನು ನುರಿತ್ ತಾಲ್-ಓರ್ ಮತ್ತು ಯೆಲ್ ಪಪಿರ್‌ಮನ್ 2007ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ. ನಟರು ಬರೆದುಕೊಟ್ಟ ಮಾತನ್ನು ಹೇಳುತ್ತಿದ್ದಾರೆ ಎಂದು ಗೊತ್ತಿದ್ದೂ ಮನಸ್ಸು ಅವರನ್ನು ಆ ಪಾತ್ರವಾಗಿಯೇ ನೋಡಲು ಹೊರಡುತ್ತದೆ. ಖಳನಟರು ಸಂತೆಗೆ ಹೋದರೆ ಅಜ್ಜಿಯರು ಶಾಪ ಹಾಕುತ್ತಿದ್ದರು ಎಂದು ಕೇಳಿದ್ದೇವಲ್ಲ, ಅದೇ ಇದು. ವ್ಯತ್ಯಾಸ ಏನೆಂದರೆ ಅಜ್ಜಿಯ ಶಾಪ ಸಂತೆಯಲ್ಲೇ ಮುಗಿಯುತ್ತಿತ್ತು, ಈಗಿನದು ಸ್ಕ್ರೀನ್‌ಶಾಟ್ ಆಗಿ ಉಳಿಯುತ್ತದೆ. ಅದನ್ನು ಆ ನಟಿಯ ಅಮ್ಮನೂ ಓದುತ್ತಾರೆ.

ಕಾನೂನೂ ಇದೆ. ಅಶ್ಲೀಲವಾಗಿ ತಿದ್ದಿದ ಚಿತ್ರವನ್ನು ಮೊಬೈಲಿನಲ್ಲಿ ಹರಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಂ ಪ್ರಕಾರ ಅಪರಾಧ. ಮೊದಲ ಸಲಕ್ಕೆ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಚಿತ್ರ ಮಾಡಿದವರಿಗೆ ಮಾತ್ರವಲ್ಲ, ಮುಂದಕ್ಕೆ ಕಳಿಸಿದವರಿಗೂ ಇದು ಅನ್ವಯಿಸುತ್ತದೆ. ‘ನಾನು ಬರೀ ಫಾರ್ವರ್ಡ್ ಮಾಡಿದೆ’ ಎಂಬ ಮಾತು ಠಾಣೆಯಲ್ಲಿ ಹೆಚ್ಚು ದೂರ ಹೋಗುವುದಿಲ್ಲ. ನಿಮ್ಮ ಅಥವಾ ನಿಮ್ಮವರ ಫೋಟೋ ಹೀಗೆ ಬಳಕೆಯಾಗಿದ್ದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬಹುದು.

ಅಂದಹಾಗೆ, ಆ ‘ಮಾನಸಿಕ ರೋಗ’ದ ಸಂದೇಶದ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ಹಲವು ಕೈ ದಾಟಿ ಬಂದಿದೆ ಎಂದರ್ಥ. ಅಂಥದ್ದನ್ನು ವಾಟ್ಸಾಪ್ 2020ರ ಏಪ್ರಿಲ್‌ನಿಂದ ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಲು ಬಿಡುತ್ತದೆ. ಕಳಿಸಲೇಬೇಕು ಅನಿಸಿದರೆ, ಅದನ್ನು ನಿಮಗೆ ಕಳಿಸಿದವರಿಗೇ ಈ ಲೇಖನದ ಜೊತೆ ವಾಪಸ್ ಕಳಿಸಿ. ಕುಸುಮನ ಪಕ್ಷ ಬಿಡಬೇಕಾಗಿಲ್ಲ. ನಮ್ಮಲ್ಲೂ ಮೂವರು ಬಿಟ್ಟಿಲ್ಲ.