ಕೋಡಿ ನೀರು ಎತ್ತ ಹೋಗುತ್ತದೆ?

ನಿವೃತ್ತಿಗೆ ಇನ್ನಾರು ತಿಂಗಳಿದೆ ಎನ್ನುವಾಗ ಬೆಂಗಳೂರಿನ ನೌಕರನಿಗೆ ಊರು ನೆನಪಾಗುತ್ತದೆ. ಶಿರಾಳಕೊಪ್ಪದ ಆಸುಪಾಸಿನಲ್ಲೊಂದು ಸೈಟು, ಮನೆಯ ಮುಂದೆ ನಾಲ್ಕು ಅಡಿಕೆ ಮರ, ಹಿತ್ತಿಲಲ್ಲೊಂದು ಬಾವಿ. ಇಷ್ಟಾದರೆ ಸಾಕೆಂದು ಆತ ಲೆಕ್ಕ ಹಾಕುತ್ತಾನೆ. ಮಕ್ಕಳು ಒಪ್ಪುವುದಿಲ್ಲ. ಹವೆ ಹೇಗಿದೆ, ಹೊತ್ತು ಹೋಗುವುದು ಹೇಗೆ, ಮಳೆಗಾಲದಲ್ಲಿ ಹೆಚ್ಚುಕಡಿಮೆಯಾದರೆ ಗತಿಯೇನು ಎಂದು ಮೂರು ಪ್ರಶ್ನೆ ಮುಂದಿಡುತ್ತಾರೆ.

ನಗರಗಳಿಗಾದರೆ ಸರ್ಕಾರವೇ ಅಂಕ ಹಾಕಿ ಕೊಡುತ್ತದೆ. 2021ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಸುಗಮ ಜೀವನ ಸೂಚ್ಯಂಕದಲ್ಲಿ 111 ನಗರಗಳಿದ್ದವು. ಹತ್ತು ಲಕ್ಷ ಮೀರಿದ ಜನಸಂಖ್ಯೆಯ ನಗರಗಳ ಪೈಕಿ ಬೆಂಗಳೂರಿಗೇ ಮೊದಲ ಸ್ಥಾನ. ಸಂಜೆ ಆರರ ಹೊತ್ತಿಗೆ ಸಿಲ್ಕ್ ಬೋರ್ಡ್ ಬಳಿ ಸಿಕ್ಕಿಕೊಂಡಿದ್ದವರು ಇದನ್ನು ಓದಿ ನಕ್ಕಿರಬೇಕು. ಶಿಕಾರಿಪುರ, ಸೊರಬ, ಶಿರಾಳಕೊಪ್ಪದಂಥ ಊರುಗಳಿಗೆ ಇಂಥ ಅಂಕಪಟ್ಟಿಯ ಭಾಗ್ಯವಿಲ್ಲ. ಅವುಗಳ ನಡುವಿನ ಉಡುತಡಿಯಂಥ ಹಳ್ಳಿಯ ಮಾತಂತೂ ದೂರವೇ ಉಳಿಯಿತು.

ಹಾಗೆ ನೋಡಿದರೆ ಈ ಲೆಕ್ಕಕ್ಕೆ ಉಡುತಡಿಗಿಂತ ತಕ್ಕ ಊರಿಲ್ಲ. ಮನೆಯನ್ನು ಎಲ್ಲಿ ಕಟ್ಟಿದರೆ ಯಾವುದಕ್ಕೆ ಅಂಜಬಾರದು ಎಂಬ ಮಾತನ್ನು ಕನ್ನಡಿಗರಿಗೆಲ್ಲ ಬಾಯಿಪಾಠ ಮಾಡಿಸಿದ ಅಕ್ಕಮಹಾದೇವಿಯ ಊರು ಅದು. ಆಕೆ ಊರು ಬಿಟ್ಟು ಕಲ್ಯಾಣಕ್ಕೂ ಅಲ್ಲಿಂದ ಶ್ರೀಶೈಲಕ್ಕೂ ನಡೆದದ್ದು ಹವೆ ಒಗ್ಗಲಿಲ್ಲವೆಂದಲ್ಲ.

ಹವೆ ಒಗ್ಗದಿರಲು ಕಾರಣವೂ ಇಲ್ಲ. ಇದೇ ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರ್ ಮಳೆ. ಆ ಮಳೆ ಉತ್ತರಕ್ಕೂ ಪೂರ್ವಕ್ಕೂ ಬರುತ್ತ ಬರುತ್ತ ಸೊರಗಿ, ಶಿಕಾರಿಪುರ ತಲಪುವಷ್ಟರಲ್ಲಿ ಬಯಲುಸೀಮೆಯ ಗುಣ ಪಡೆದಿರುತ್ತದೆ. ಇದು ಅರೆಮಲೆನಾಡು. ಒಂದು ಕಡೆ ಅಡಿಕೆ ತೋಟ, ರಸ್ತೆಯ ಇನ್ನೊಂದು ಕಡೆ ಮೆಕ್ಕೆಜೋಳ. ಕಂಬಳಿಯೂ ಬೇಕು, ಬೀಸಣಿಗೆಯೂ ಬೇಕು. ಕಷ್ಟವೆಂದರೆ ಇಂಥ ಸೀಮೆಯ ಮಳೆಯನ್ನು ನಂಬುವಂತಿಲ್ಲ. 2019ರ ಆಗಸ್ಟ್‌ನಲ್ಲಿ ವರದಾ ನದಿ ಉಕ್ಕಿ ಸೊರಬ, ಬನವಾಸಿ ಕಡೆಯ ಗದ್ದೆಗಳು ಮುಳುಗಿದವು. ನಾಲ್ಕೇ ವರ್ಷ ಕಳೆದು 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರ ಸಾರಿತು.

ಹಿಂದಿನವರಿಗೆ ಈ ಸಂಗತಿ ತಿಳಿದಿತ್ತು. ಅದಕ್ಕೇ ಅವರು ಕೆರೆ ಕಟ್ಟಿದರು. ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದಿನ ಕಂಬದಲ್ಲಿರುವ ಐದನೆಯ ಶತಮಾನದ ಶಾಸನ ಕದಂಬರ ವಂಶಕಥೆ ಹೇಳುತ್ತದೆಂದು ಶಾಲೆಯಲ್ಲಿ ಓದಿದವರುಂಟು. ಆದರೆ ಅದನ್ನು ಕೆತ್ತಿಸಿದ ಸಂದರ್ಭ ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ್ದು ಎಂಬುದನ್ನು ಮರೆತವರೇ ಹೆಚ್ಚು. ಇಂದಿಗೂ ಇಲ್ಲಿನ ಜನ ಊರಿನ ಕ್ಷೇಮವನ್ನು ಕೇಳುವುದು ಕೆರೆಯ ಮೂಲಕ. ‘ಕೋಡಿ ಬಿತ್ತಾ?’ ಎಂದರೆ ಆ ವರ್ಷದ ಭತ್ತ, ಬಾವಿ, ದನದ ನೀರು ಎಲ್ಲದರ ವಿಚಾರಣೆ ಆದಂತೆ. ಉಡುಗಣಿ-ತಾಳಗುಂದ-ಹೊಸೂರು ಏತ ನೀರಾವರಿ ಯೋಜನೆಯಲ್ಲಿ ಪೈಪಿನಿಂದ ನೀರು ತಂದು ತುಂಬಿಸಹೊರಟದ್ದೂ ಈ ಕೆರೆಗಳನ್ನೇ.

ಹೊತ್ತು ಕಳೆಯುವುದಕ್ಕೂ ಜನ ಕೆರೆಗೇ ಹೋಗುತ್ತಾರೆ. ಕುಮುದ್ವತಿಗೆ ಅಡ್ಡಲಾಗಿರುವ ಅಂಜನಾಪುರ ಜಲಾಶಯ ತುಂಬಿ ಹರಿಯಿತೆಂದರೆ ಶಿಕಾರಿಪುರದವರಿಗೆ ಅದೊಂದು ಜಾತ್ರೆ. ಸೊರಬ ತಾಲ್ಲೂಕಿನ ಗುಡವಿಯಲ್ಲಿ ನೀರೊಳಗಿನ ಮರಗಳ ಮೇಲೆ ಬೆಳ್ಳಕ್ಕಿ, ಕೆಂಬರಲುಗಳ ಸಂಸಾರ ನೋಡುತ್ತ ಅರ್ಧ ದಿನ ಕೂರಬಹುದು. ಬೇಸಿಗೆಯಲ್ಲಿ ನೀರು ಇಳಿದಾಗ ಕೆರೆಬೇಟೆ. ಕೂಣಿ ಎಂಬ ಬಿದಿರಿನ ಸಾಧನ ಹಿಡಿದು ನೂರಾರು ಜನ ದಡದಲ್ಲಿ ಸಾಲುಗಟ್ಟಿ ನಿಂತು, ಸೂಚನೆ ಸಿಕ್ಕಿದೊಡನೆ ಒಟ್ಟಿಗೇ ಕೆಸರಿಗೆ ಇಳಿಯುವ ಆ ನೋಟಕ್ಕೆ ಸಾಟಿಯಾದ ಆಟ ಯಾವ ಕ್ಲಬ್ಬಿನಲ್ಲೂ ಇಲ್ಲ. 2024ರಲ್ಲಿ ಇದೇ ಹೆಸರಿನ ಚಲನಚಿತ್ರವೂ ಬಂತು.

ದೀಪಾವಳಿ ಕಳೆದ ಮೇಲೆ ಹೋರಿ ಹಬ್ಬ. ಕೊರಳಿಗೆ ಕೊಬ್ಬರಿ ಹಾರ, ಕೊಂಬಿಗೆ ಬಲೂನು ಕಟ್ಟಿಸಿಕೊಂಡು ಬರುವ ಹೋರಿಗೆ ಸಿನಿಮಾ ನಟನಿಗಿರುವಷ್ಟೇ ಅಭಿಮಾನಿಗಳು. ಆದರೆ ನೋಡಲು ನಿಂತವರೂ ತಿವಿತಕ್ಕೆ ಸಿಕ್ಕಿ ಸತ್ತದ್ದುಂಟು. ಹಾಗಿರುವಾಗ ಇದನ್ನು ಮನರಂಜನೆಯ ಅಂಕಣದಲ್ಲಿ ಬರೆಯಬೇಕೋ ಅಪಾಯದ ಅಂಕಣದಲ್ಲೋ?

ಕಾಡಿನದೂ ಇದೇ ಕಥೆ. ಊರಿಗೆ ತಂಪು ಬೇಕಾದರೆ ಕಾಡು ಬೇಕು. ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ತರಗೆಲೆ ಅಲ್ಲಿಂದಲೇ ಬರಬೇಕು. ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಲಾಗಿ ಸತ್ತವು, ಹಿಂದೆಯೇ ಮನುಷ್ಯರು ಜ್ವರದಿಂದ ಮಲಗಿದರು. ಮಂಗನ ಕಾಯಿಲೆಗೆ ಜಗತ್ತಿನ ವೈದ್ಯಗ್ರಂಥಗಳಲ್ಲಿ ಇಂದಿಗೂ ಆ ಕಾಡಿನದೇ ಹೆಸರು. ಹರಡುವುದು ಉಣುಗು, ಕಾಲ ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ತರಗೆಲೆ ಗುಡಿಸುವ ಕಾಲ. ಜ್ವರ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಉಳಿಯುವುದಿಲ್ಲ. ಬಹುಕಾಲ ಕೊಡುತ್ತಿದ್ದ ಲಸಿಕೆಯ ಫಲ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು, ಹೊಸದನ್ನು ರೂಪಿಸುವ ಕೆಲಸ ಶುರುವಾಯಿತು. ಕಾಡಿಗೆ ಹೋಗುವವರು ಮೈಗೆ ಡೆಪಾ ಎಣ್ಣೆ ಸವರಿಕೊಂಡು ಹೋಗಬೇಕು, ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ‘ಶುದ್ಧ ಹವೆ’ ಎಂದು ಕಾಡಂಚಿನಲ್ಲಿ ಮನೆ ಹುಡುಕುವ ಪೇಟೆಯವರಿಗೆ ಇದನ್ನು ಯಾರೂ ಹೇಳುವುದಿಲ್ಲ. ಹಳ್ಳಿಯವರಿಗೆ ಗೊತ್ತು, ಆದರೂ ಕೊಟ್ಟಿಗೆಗೆ ತರಗೆಲೆ ಬೇಕಲ್ಲ!

ಆದ್ದರಿಂದ ಮಕ್ಕಳ ಮೂರು ಪ್ರಶ್ನೆಗಳನ್ನು ಇಲ್ಲಿ ಬೇರೆ ಬೇರೆಯಾಗಿ ಕೇಳಿ ಉಪಯೋಗವಿಲ್ಲ. ತಂಪು ಕೊಡುವ ಕೆರೆಯೇ ಆಟದ ಬಯಲು. ಏರಿ ಬಿರುಕು ಬಿಟ್ಟರೆ ಅದೇ ಕೆರೆ ಓಣಿಯೊಳಗೆ. ಕೆರೆಯಂಗಳವನ್ನು, ಕೋಡಿ ಹಳ್ಳವನ್ನು ಒತ್ತಿ ಸೈಟು ಮಾಡಿದ ಊರುಗಳಲ್ಲಿ ನೀರು ತನ್ನ ಹಳೆಯ ದಾರಿಯನ್ನೇ ಹಿಡಿಯುತ್ತದೆ.

ಸೈಟು ನೋಡಲು ಹೋದವರು ದಾಖಲೆ ಪತ್ರದ ಜೊತೆಗೆ ಕೆರೆ ಎಲ್ಲಿದೆ, ಅದರ ಕೋಡಿ ನೀರು ಎತ್ತ ಹೋಗುತ್ತದೆ ಎಂದೂ ಕೇಳಬೇಕು. ದಲ್ಲಾಳಿ ನಕ್ಕು, ‘ಈ ಕೆರೆ ತುಂಬಿ ಹದಿನೈದು ವರ್ಷ ಆಯ್ತು ಸಾರ್’ ಎನ್ನಬಹುದು. ಅದು ನಿಜವಾದರೆ ಬಾವಿಯ ಆಸೆ ಬಿಡಬೇಕು, ಸುಳ್ಳಾದರೆ ಸೈಟಿನ ಆಸೆ. ಅವನನ್ನು ಬಿಟ್ಟು ಏರಿಯ ಮೇಲೆ ದನ ಮೇಯಿಸುತ್ತಿರುವ ಅಜ್ಜನನ್ನು ಕೇಳಿದರೆ, ಯಾವ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೈಯಲ್ಲಿರುವ ಕೋಲಿನಿಂದಲೇ ತೋರಿಸುತ್ತಾನೆ.