ಸಾಕ್ಷಿ ಹೆಬ್ಬೆಟ್ಟು

ಸಾಲಪತ್ರ ಬರೆಸುವ ಗೌಡನಿಗೆ ಸಾಲಗಾರನ ಹೆಬ್ಬೆಟ್ಟು ಒಂದೇ ಸಾಲದು. ಸಾಕ್ಷಿಯ ಹೆಬ್ಬೆಟ್ಟೂ ಬೇಕು. ಆ ಸಾಕ್ಷಿ ಗೌಡನ ಮನೆಯವನೇ ಆದರೆ ಪತ್ರಕ್ಕೆ ಬೆಲೆಯಿಲ್ಲ. ಸಾಲಗಾರನ ಕೇರಿಯವನೇ ಆಗಬೇಕು. ನಾಳೆ ಯಾರಾದರೂ ಕೇಳಿದರೆ 'ನೋಡ್ರಪ್ಪಾ, ಅವರವನೇ ಒತ್ತವ್ನೆ' ಅಂತ ತೋರಿಸಬೇಕಲ್ಲ! ನಮ್ಮ ತಾತಂದಿರು ಜೀತಕ್ಕೆ ಬಿದ್ದದ್ದು ಹೀಗೆ. ಅಕ್ಷರ ಕಾಣದ ಮನೆಗಳಿಂದ ಮೊದಲ ಸಲ ಪದವಿ ಹಿಡಿದು ಬಂದವರು ನಾವು. ಕಾಲೇಜು ಕಲಿಸುವ ಮುಂಚೆಯೇ ಈ ಪಾಠ ನಮಗೆ ಗೊತ್ತಿತ್ತು.

ಈ ಪಾಠ ಕೈಲಿ ಹಿಡಿದು ಬರ್ಮಾ ಕಡೆ ಒಮ್ಮೆ ನೋಡೋಣ ಬನ್ನಿ ಗೆಳೆಯರೇ. ಈಗ ಅದನ್ನು ಮ್ಯಾನ್ಮಾರ್ ಅಂತಾರೆ. 1954ರ ಡಿಸೆಂಬರ್‌ನಲ್ಲಿ ಬಾಬಾಸಾಹೇಬರು ವಿಶ್ವ ಬೌದ್ಧ ಸಮ್ಮೇಳನಕ್ಕೆ ಹೋಗಿದ್ದು ಅಲ್ಲಿನ ರಂಗೂನಿಗೆ. ಆ ಬುದ್ಧನ ನೆಲದ ಮೇಲೆ 1962ರಲ್ಲಿ ಸೈನ್ಯ ಬೂಟುಗಾಲು ಇಟ್ಟಿತು. ಆ ಬೂಟಿನ ಭಾರ ಜನರ ಬೆನ್ನಿನಿಂದ ಪೂರಾ ಇಳಿದದ್ದೇ ಇಲ್ಲ. ಆದರೂ ಅಲ್ಲಿ ಚುನಾವಣೆ ನಡೀತವೆ. ಬಂದೂಕು ಕೈಲಿರುವವನಿಗೆ ಚುನಾವಣೆ ಯಾಕಪ್ಪಾ? ನಮ್ಮ ಉತ್ತರ ಮೊದಲೇ ಹೇಳಿಬಿಡ್ತೀವಿ: ಅವನಿಗೆ ಬೇಕಾದದ್ದು ಓಟಲ್ಲ, ಎದುರಾಳಿ. ಎದುರಾಳಿಯ ಸಾಕ್ಷಿ ಹೆಬ್ಬೆಟ್ಟು.

1990ರಲ್ಲಿ ಅಲ್ಲಿನ ಜನ ನಿಜವಾಗಿಯೂ ಓಟು ಹಾಕಿದರು. ಗೃಹಬಂಧನದಲ್ಲಿದ್ದ ಆಂಗ್ ಸಾನ್ ಸೂ ಕಿ ಅವರ ಪಕ್ಷ ನ್ಯಾಷನಲ್ ಲೀಗ್ ಫಾರ್ ಡೆಮಾಕ್ರಸಿ 485ರಲ್ಲಿ 392 ಸ್ಥಾನ ಗೆದ್ದಿತು. ಗೆದ್ದು ಏನಾಯ್ತು? ಜನರಲ್‌ಗಳು ಕುರ್ಚಿ ಬಿಡಲಿಲ್ಲ. ಗೆದ್ದವರಲ್ಲಿ ಎಷ್ಟೋ ಮಂದಿ ಜೈಲು ಸೇರಿದರು. ಆಮೇಲೆ ಜನರಲ್‌ಗಳಿಗೆ ಒಂದು ಬುದ್ಧಿ ಬಂತು. ಎಣಿಕೆ ಆದಮೇಲೆ ಕದ್ದರೆ ಊರೆಲ್ಲ ಕಳ್ಳ ಅನ್ನುತ್ತೆ. ಪತ್ರ ಬರೆಯುವಾಗಲೇ ಕದ್ದರೆ ಅದಕ್ಕೆ ಕಾನೂನು ಅಂತ ಹೆಸರು.

ಆ ಪತ್ರ ಬರೆದದ್ದು 2008ರಲ್ಲಿ. ಮೇ ತಿಂಗಳ ಮೊದಲ ವಾರ ನರ್ಗಿಸ್ ಚಂಡಮಾರುತ ಐರಾವತಿ ನದೀಮುಖದ ಹಳ್ಳಿಗಳನ್ನು ಬಳಿದುಕೊಂಡು ಹೋಯಿತು. ಸತ್ತವರು, ಕಾಣೆಯಾದವರು ಸೇರಿ ಒಂದು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು. ಹೆಣಗಳು ಇನ್ನೂ ಗದ್ದೆಯ ನೀರಿನಲ್ಲಿ ತೇಲುತ್ತಿದ್ದವು. ಮೇ 10ರಂದು ಸರ್ಕಾರ ಹೊಸ ಸಂವಿಧಾನಕ್ಕೆ ಜನಮತ ಕೇಳಿತು! ಶೇಕಡ 92ಕ್ಕೂ ಹೆಚ್ಚು ಜನ ಒಪ್ಪಿದರು ಅಂತ ತಾನೇ ಘೋಷಿಸಿಕೊಂಡಿತು.

ಆ ಸಂವಿಧಾನದಲ್ಲಿ ಏನಿದೆ? ಮೀಸಲಾತಿ ಅಂದರೆ ಮೂಗು ಮುರಿಯುವ ನಮ್ಮ ಸಭ್ಯಸ್ಥರು ಕಿವಿಗೊಟ್ಟು ಕೇಳಬೇಕು. ಅಲ್ಲಿ ಬಂದೂಕಿಗೆ ಮೀಸಲಾತಿ ಇದೆ. ಸಂಸತ್ತಿನ 664 ಸ್ಥಾನಗಳಲ್ಲಿ 166, ಅಂದರೆ ನಾಲ್ಕರಲ್ಲಿ ಒಂದು, ಸೇನಾಧಿಪತಿ ಕಳಿಸಿದ ಸಮವಸ್ತ್ರದವರಿಗೆ. ರಕ್ಷಣೆ, ಗೃಹ, ಗಡಿ ಈ ಮೂರು ಮಂತ್ರಿಗಿರಿಗೆ ಹೆಸರು ಕೊಡುವವನೂ ಅವನೇ. ಮುಖ್ಯ ಕಲಮುಗಳನ್ನು ತಿದ್ದಬೇಕಾದರೆ ಶೇಕಡ 75ಕ್ಕಿಂತ ಹೆಚ್ಚು ಸದಸ್ಯರು ಕೈ ಎತ್ತಬೇಕು. ಲೆಕ್ಕ ಹಾಕಿ ಮೇಷ್ಟ್ರೇ, ನೀವು ಮಕ್ಕಳಿಗೆ ಶೇಕಡಾವಾರು ಕಲಿಸುವವರು. ಇಪ್ಪತ್ತೈದು ಅವರ ಜೇಬಿನಲ್ಲಿದ್ದರೆ ಎಪ್ಪತ್ತೈದು ದಾಟುವುದು ಯಾವ ಗಣಿತದಲ್ಲಿ?

ಈ ಪತ್ರದ ಕೆಳಗೆ ಸಾಕ್ಷಿ ಹಾಕಿಸಲು 2010ರ ನವೆಂಬರ್ 7ರಂದು ಚುನಾವಣೆ ಕರೆದರು. ಶಿಕ್ಷೆ ಅನುಭವಿಸುತ್ತಿರುವವರು ಪಕ್ಷದಲ್ಲಿ ಇರಕೂಡದು ಅಂತ ಕಾನೂನು ಮಾಡಿದ್ದರು. ಪಕ್ಷ ಉಳಿಯಬೇಕಾದರೆ ನಿಮ್ಮ ನಾಯಕಿಯನ್ನು ನೀವೇ ಹೊರಗೆ ಹಾಕಿ ಅಂದಹಾಗೆ. ಸೂ ಕಿ ಅವರ ಪಕ್ಷ 'ಆಗಲ್ಲ' ಅಂದಿತು. ಆಗ ಅದೇ ಮನೆಯಿಂದ ಕೆಲವು ಹಿರಿಯರು ಎದ್ದು ಬಂದು ನ್ಯಾಷನಲ್ ಡೆಮಾಕ್ರಟಿಕ್ ಫೋರ್ಸ್ ಅಂತ ಬೇರೆ ಪಕ್ಷ ಕಟ್ಟಿದರು. ಇವರೇ ಮಂದಗಾಮಿಗಳು. ಒಬ್ಬ ಅಭ್ಯರ್ಥಿಗೆ 5 ಲಕ್ಷ ಕ್ಯಾಟ್ ಠೇವಣಿ ಕಟ್ಟಿ ಸಾಲಿನಲ್ಲಿ ನಿಂತರು. ಅವರು ಆರಿಸಿಕೊಂಡ ಗುರುತು ರೈತರ ಬಿದಿರ ಟೋಪಿ. 1990ರಲ್ಲಿ ಜನ ಓಟು ಒತ್ತಿದ್ದ ಅದೇ ಟೋಪಿ!

ಇವರನ್ನು ಹೇಡಿಗಳು ಅಂತ ನಾವು ಬಯ್ಯೋದಿಲ್ಲ. ಇವರಲ್ಲಿ ಜೈಲು ಕಂಡವರಿದ್ದರು. 'ಏನೂ ಇಲ್ಲದ್ದಕ್ಕಿಂತ ಒಂದಿಷ್ಟು ಮೇಲು, ಒಳಗೆ ಹೋದರೆ ಮಾತಾಡಬಹುದು' ಅನ್ನೋದು ಇವರ ವಾದ. ಹಸಿದವನ ಬಾಯಲ್ಲಿ ಈ ಮಾತು ಸುಳ್ಳಲ್ಲ. ಆದರೆ ಫಲ ನೋಡಿ. ಚುನಾವಣೆ ನಡೆದ 1154 ಸ್ಥಾನಗಳಲ್ಲಿ ಸೈನ್ಯದ ಪಕ್ಷಕ್ಕೆ 883, ಇವರಿಗೆ 16. ಎಣಿಕೆಯಲ್ಲಿ ಮುಂದಿದ್ದ ಕಡೆಗೂ ಮುಂಗಡ ಮತಗಳ ಕಟ್ಟು ಬಂದು ಬಿದ್ದು ಫಲಿತಾಂಶ ತಿರುಗಿತು ಅಂತ ಇವರೇ ದೂರಿದರು. ಆದರೆ ಜನರಲ್ ತಾನ್ ಶ್ವೆಗೆ ಈ ಹದಿನಾರೇ ಬಂಗಾರ. ಹದಿನಾರು ಜನ ಅಲ್ಲಿ ಕೂತ ಮೇಲೆ ಅದು ಸಂಸತ್ತು. ಅವರಿಲ್ಲದಿದ್ದರೆ ಅದೊಂದು ಪಾಳ್ಯ.

ಆಮೇಲೆ ದೊಡ್ಡವರೂ ಬಂದರು. 2012ರ ಉಪಚುನಾವಣೆಯಲ್ಲಿ ಸೂ ಕಿ ಅವರ ಪಕ್ಷವೇ ನಿಂತು 43 ಸ್ಥಾನ ಗೆದ್ದಿತು. ಲೋಕವೆಲ್ಲ ಚಪ್ಪಾಳೆ ತಟ್ಟಿತು. ಅಂಗಡಿ ತೆರೆಯಲು ಕಾಯುತ್ತಿದ್ದ ಕಂಪನಿಗಳು ಇನ್ನೂ ಜೋರಾಗಿ ತಟ್ಟಿದವು. ಆದರೆ ಸಾಕ್ಷಿ ಹಾಕಿದವನಿಗೆ ಚಾವಡಿಯಲ್ಲಿ ಕಾಫಿ ಸಿಗುತ್ತೆ, ಬಡ್ಡಿ ಕಟ್ಟುವವನು ಬೇರೆ ಇರ್ತಾನೆ. ಇಲ್ಲಿಂದ ಮುಂದೆ ಆ ಬಡ್ಡಿ ಯಾರು ಕಟ್ಟಿದರು ಅನ್ನೋದನ್ನು ನೋಡಿ.

ಮೋನ್ಯುವಾ ಊರಿನ ಹತ್ತಿರ ಲೆಟ್ಪಡೌಂಗ್ ಅಂತ ಒಂದು ಬೆಟ್ಟ. ಅಲ್ಲಿ ಸೈನ್ಯದ ಕಂಪನಿಯೂ ಚೀನಾದ ಕಂಪನಿಯೂ ಸೇರಿ ತಾಮ್ರದ ಗಣಿ ತೋಡಲು ರೈತರ ಹೊಲ ಕಿತ್ತುಕೊಂಡವು. 2012ರ ನವೆಂಬರ್ 29ರ ಬೆಳಗಿನ ಜಾವ, ಧರಣಿ ಕೂತಿದ್ದ ಭಿಕ್ಷುಗಳ ಮೇಲೆ ಪೊಲೀಸರು ಬೆಂಕಿ ಉಗುಳುವ ರಂಜಕದ ಗುಂಡು ಎಸೆದರು. ತನಿಖೆಗೆ ನೇಮಿಸಿದ್ದು ಯಾರನ್ನು? ಸೂ ಕಿ ಅವರನ್ನು. 2013ರ ಮಾರ್ಚ್‌ನಲ್ಲಿ ಅವರ ಸಮಿತಿ 'ಗಣಿ ಮುಂದುವರಿಯಲಿ' ಅಂದಿತು. ಹಳ್ಳಿಗೆ ಬಂದ ಆ ತಾಯಿಯ ಮುಖದೆದುರೇ ರೈತ ಹೆಂಗಸರು ಸಿಟ್ಟಿನಿಂದ ಕೂಗಿದರು. 2014ರ ಡಿಸೆಂಬರ್‌ನಲ್ಲಿ ಅದೇ ನೆಲದಲ್ಲಿ ರೈತ ಹೆಂಗಸೊಬ್ಬಳು ಪೊಲೀಸರ ಗುಂಡಿಗೆ ಸತ್ತಳು.

ಇನ್ನೂ ಕೆಳಗಿನವರ ಕಥೆ ಕೇಳಿ. 2010ರಲ್ಲಿ ಓಟು ಹಾಕಿದ್ದ ರೋಹಿಂಗ್ಯಾ ಮುಸ್ಲಿಮರ ಗುರುತುಚೀಟಿಯನ್ನು 2015ರಲ್ಲಿ ರದ್ದು ಮಾಡಿದರು. ಅದೇ ವರ್ಷದ ಚುನಾವಣೆಯಲ್ಲಿ ಸೂ ಕಿ ಅವರ ಪಕ್ಷ ಒಬ್ಬನೇ ಒಬ್ಬ ಮುಸ್ಲಿಮನನ್ನೂ ನಿಲ್ಲಿಸಲಿಲ್ಲ. ಭಾರೀ ಬಹುಮತದಿಂದ ಗೆದ್ದಿತು. 2017ರ ಆಗಸ್ಟ್‌ನಿಂದ ಸೈನ್ಯ ರೋಹಿಂಗ್ಯಾ ಹಳ್ಳಿಗಳಿಗೆ ಬೆಂಕಿ ಇಟ್ಟಾಗ ಏಳು ಲಕ್ಷಕ್ಕೂ ಹೆಚ್ಚು ಜನ ಕಂಕುಳಲ್ಲಿ ಕೂಸು ಎತ್ತಿಕೊಂಡು ಬಾಂಗ್ಲಾಕ್ಕೆ ಓಡಿದರು. 2019ರ ಡಿಸೆಂಬರ್‌ನಲ್ಲಿ ಹೇಗ್ ನ್ಯಾಯಾಲಯದಲ್ಲಿ ಇದು ನರಮೇಧವಲ್ಲ ಅಂತ ವಾದಿಸಿದವರು ಜನರಲ್ ಅಲ್ಲ, ಸೂ ಕಿ. ಸಾಕ್ಷಿ ಹಾಕಿದವರನ್ನು ಕೊನೆಗೆ ಗೌಡನ ವಕೀಲರನ್ನಾಗಿಯೂ ಮಾಡ್ತಾರೆ.

ಇಷ್ಟೆಲ್ಲ ಮಾಡಿದ್ದಕ್ಕೆ ಗೌಡ ಋಣ ತೀರಿಸಿದನೇ? 2020ರಲ್ಲಿ ಆಕೆ ಮತ್ತೆ ಗೆದ್ದರು. 2021ರ ಫೆಬ್ರವರಿ 1ರಂದು ಜನರಲ್ ಮಿನ್ ಆಂಗ್ ಲೈಂಗ್ ಆಕೆಯನ್ನೇ ಹಿಡಿದು ಒಳಗೆ ಹಾಕಿದ.

'ಹಾಗಾದರೆ ನೀವು ಚುನಾವಣೆಯೇ ಬೇಡ ಅಂತೀರಾ?' ಅಂತ ಕೆಲವು ಮಿತ್ರರು ಕೇಳಬಹುದು. ಖಂಡಿತ ಇಲ್ಲ. ಬಾಬಾಸಾಹೇಬರು 1952ರಲ್ಲಿ ಮುಂಬೈಯಲ್ಲಿ ನಿಂತು ಸೋತರು, 1954ರಲ್ಲಿ ಭಂಡಾರದಲ್ಲಿ ಸೋತರು. ಆ ಸೋಲು ನಮಗೆ ಅವಮಾನವಲ್ಲ. 1977ರಲ್ಲಿ ತುರ್ತು ಪರಿಸ್ಥಿತಿ ಇನ್ನೂ ಎದ್ದಿರಲಿಲ್ಲ. ಜೈಲಿನಿಂದ ಬಂದವರು ಚುನಾವಣೆಗೆ ನಿಂತರು, ಜನ ಪ್ರಧಾನಿಯನ್ನೇ ರಾಯ್‌ಬರೇಲಿಯಲ್ಲಿ ಸೋಲಿಸಿದರು. ಆಳುವವರನ್ನು ಇಳಿಸುವ ಶಕ್ತಿ ಆ ಪೆಟ್ಟಿಗೆಗಿತ್ತು. ನಾವು ಕೇಳುವುದು ಒಂದೇ ಪ್ರಶ್ನೆ: ಈ ಪೆಟ್ಟಿಗೆಯಿಂದ ಗೌಡ ಇಳೀತಾನಾ? ಇಳಿಯುವುದಾದರೆ ಬೆಂಕಿ ದಾಟಿ ಹೋಗಿಯಾದರೂ ಓಟು ಹಾಕೋಣ. ಯಾರು ಗೆದ್ದರೂ ಅವನೇ ಕೂರುವುದಾದರೆ ಅದು ಮತಪೆಟ್ಟಿಗೆಯಲ್ಲ, ಶಾಯಿಡಬ್ಬಿ. ಹೆಬ್ಬೆಟ್ಟು ಅದ್ದುವುದಕ್ಕಷ್ಟೇ ಬರುತ್ತೆ.

ಮತ್ತೆ ಆ ಶಾಯಿಡಬ್ಬಿ ಹೊರಗೆ ಬಂತು. 2025ರ ಡಿಸೆಂಬರ್ 28ರಿಂದ 2026ರ ಜನವರಿವರೆಗೆ ಹಂತಹಂತವಾಗಿ ಚುನಾವಣೆ. ಗೆದ್ದ ಪಕ್ಷವನ್ನು 2023ರಲ್ಲೇ ವಿಸರ್ಜಿಸಿದ್ದರು. ಚುನಾವಣೆಗೆ ಅಡ್ಡಿ ಮಾಡಿದರೆ, ಅದರ ವಿರುದ್ಧ ಮಾತಾಡಿದರೂ ಸರಿ, ಕಡಿಮೆ ಅಂದರೆ ಮೂರು ವರ್ಷ ಜೈಲು ಅಂತ 2025ರ ಜುಲೈನಲ್ಲಿ ಕಾನೂನು. ಯುದ್ಧ ನಡೆದ ಎಷ್ಟೋ ತಾಲ್ಲೂಕುಗಳಲ್ಲಿ ಮತದಾನವೇ ಇಲ್ಲ. ಗೆದ್ದದ್ದು ಮತ್ತೆ ಸೈನ್ಯದ ಪಕ್ಷ. 1988ರ ವಿದ್ಯಾರ್ಥಿ ದಂಗೆಯಲ್ಲಿ ಹೆಗಲಿಗೆ ಹೆಗಲು ಕೊಟ್ಟವರು ಕೊ ಜಿಮ್ಮಿ ಮತ್ತು ಕೊ ಕೊ ಜಿ. ಇಬ್ಬರೂ ಜೈಲಿನಲ್ಲಿ ಯೌವನ ಕಳೆದವರು. ಜಿಮ್ಮಿಯನ್ನು 2022ರ ಜುಲೈನಲ್ಲಿ ಗಲ್ಲಿಗೇರಿಸಿದರು. ಕೊ ಕೊ ಜಿ ಕಟ್ಟಿದ ಪೀಪಲ್ಸ್ ಪಾರ್ಟಿ ಈ ಚುನಾವಣೆಯಲ್ಲಿ ಸ್ಪರ್ಧಿಸಿತು. ಗೆಳೆಯನನ್ನು ನೇತುಹಾಕಿದ ಹಗ್ಗ ಒಣಗುವ ಮುಂಚೆ ಅದೇ ಕೈಯಿಂದ ನಾಮಪತ್ರ ಪಡೆಯುವುದಕ್ಕೆ ಎಂಥ ತಾಳ್ಮೆ ಬೇಕು! ಆ ತಾಳ್ಮೆ ನಮಗೆ ಬೇಡ.

ಹೆಬ್ಬೆಟ್ಟು ಒತ್ತಲು ಒಪ್ಪದವರೂ ಅಲ್ಲಿದ್ದಾರೆ. 2021ರಲ್ಲಿ ರೈಲ್ವೆ ಕಾರ್ಮಿಕರು, ಡಾಕ್ಟರುಗಳು ಕೆಲಸ ನಿಲ್ಲಿಸಿದರು. ಮೇಷ್ಟ್ರುಗಳು ಶಾಲೆಗೆ ಹೋಗಲಿಲ್ಲ. ಲಕ್ಷಕ್ಕೂ ಹೆಚ್ಚು ಶಿಕ್ಷಕರನ್ನು ಅಮಾನತು ಮಾಡಿದ್ದಾರೆ ಅಂತ ಅವರ ಸಂಘವೇ ಹೇಳಿತು. ಕವಿ ಕೆ ಝಾ ವಿನ್ ಅವರನ್ನು ಆ ಮಾರ್ಚ್ 3ರಂದು ಬೀದಿಯಲ್ಲಿ ಗುಂಡಿಟ್ಟು ಕೊಂದರು. ಎಲ್ಲಿ? ಅದೇ ಮೋನ್ಯುವಾದಲ್ಲಿ. ಕವಿ ಖೆಟ್ ತಿ ಇಂಜಿನಿಯರ್ ಕೆಲಸ ಬಿಟ್ಟು ಐಸ್‌ಕ್ರೀಮು ಮಾರಿ ಬದುಕಿದವರು. ಮೇ ತಿಂಗಳಲ್ಲಿ ಅವರನ್ನು ವಿಚಾರಣೆಗೆ ಅಂತ ಒಯ್ದರು, ಮಾರನೇ ದಿನ ಹೆಣ ಕೊಟ್ಟರು. ಕವಿತೆ ಬರೆಯುವ ನಾವು ಈ ಹೆಸರುಗಳನ್ನು ನಮ್ಮ ಬಂಧುಗಳ ಹೆಸರಿನ ಜೊತೆ ಇಟ್ಟುಕೊಂಡಿದ್ದೇವೆ.

ಬಹಿಷ್ಕಾರ ಅಂತ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತರೂ ಆಗದು. 2010ರಲ್ಲಿ 'ಇಲ್ಲ' ಅಂದ ಪಕ್ಷ 2012ರಲ್ಲಿ 'ಹೂಂ' ಅಂದದ್ದು ಯಾಕೆ? ಹಳ್ಳಿಯಲ್ಲಿ ಕಟ್ಟಬೇಕಾದ್ದನ್ನು ಕಟ್ಟದೆ ಒಬ್ಬ ನಾಯಕಿಯ ಮುಖ ನೋಡಿಕೊಂಡು ಕೂತದ್ದಕ್ಕೆ. 'ಇಲ್ಲ' ಅನ್ನುವವರ ಹಿಂದೆ ಹೊಲವಿರಬೇಕು, ಶಾಲೆಯಿರಬೇಕು, ಸಂಘವಿರಬೇಕು.

ಗೆಳೆಯರೇ, ಇದನ್ನು ಬರ್ಮಾದ ಸುದ್ದಿ ಅಂತ ಓದಿ ಮಡಿಸಿಡಬೇಡಿ. ಶಾಲೆ ಬಿಟ್ಟ ಮೇಲೆ ಹಟ್ಟಿಯಲ್ಲಿ ಕೂತು ಗಟ್ಟಿಯಾಗಿ ಓದಿ ಹೇಳಿ. ನಿಮ್ಮೂರಲ್ಲೂ ಯಾವನೋ ಒಬ್ಬ ಹೆಗಲ ಮೇಲೆ ಕೈ ಹಾಕಿ 'ನೀನೇ ಮೆಂಬರ್ ಆಗಪ್ಪಾ, ಉಳಿದದ್ದು ನಾವು ನೋಡ್ಕೋತೀವಿ' ಅಂದಾಗ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಕೊಳ್ಳಿ. ಮೊದಲು ಪತ್ರ ಓದಿ. ಉಳಿದ ಆ ನಾಲ್ಕು ಬೆರಳೂ ನಮ್ಮವೇ.