ತಗಡು ಹಾಕಿ ಸುಮ್ಮನಾಗಬೇಡಿ

ನಮ್ಮ ಕೊಪ್ಪಳದ ಕಡೆ ಹಳೇ ಮಾಳಿಗೆ ಮನೆಯ ಮಣ್ಣು ಇಳಿಸಿ ತಗಡು ಹಾಕಿಸುವವರು ಹೆಚ್ಚಾಗಿದ್ದಾರೆ. ನಾನೂ ಅವರಲ್ಲೊಬ್ಬ. ಮನೆಯ ಮುಂದಿನ ಅರ್ಧಕ್ಕೆ ತಗಡು ಹಾಕಿದ ಮೊದಲ ಏಪ್ರಿಲ್‌ನಲ್ಲೇ ನಮ್ಮವ್ವ ಚಾಪೆ ಎತ್ತಿಕೊಂಡು ಹಿಂದಿನ ಮಾಳಿಗೆ ಕೋಣೆಗೆ ಹೋದಳು. "ನಿನ್ನ ಹೊಸಾ ಮನ್ಯಾಗ ಒಲಿ ಹಚ್ಚೂದೇ ಬ್ಯಾಡ, ಹಂಗೇ ರೊಟ್ಟಿ ಸುಡ್ತಾವು" ಅಂದಳು. ಎಪ್ಪತ್ತು ದಾಟಿದ, ದಿನಾ ಬಿಪಿ ಗುಳಿಗೆ ನುಂಗುವ ಜೀವ. ನಾನು ಹಟ ಹಿಡಿದು ಅಲ್ಲೇ ಮಲಗಿಸಿದ್ದರೆ ಏನಾಗ್ತಿತ್ತೋ.

ಮಣ್ಣು ಇಳಿಸಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಒಂದು ಅಡಿ ದಪ್ಪದ ಮಣ್ಣು ಒಂದು ಚದರ ಅಡಿ ಜಾಗದಲ್ಲಿ ಸುಮಾರು 45 ಕಿಲೋ ತೂಗುತ್ತದೆ. ಮಳೆ ನೀರು ಕುಡಿದರೆ ಇನ್ನೂ ಜಾಸ್ತಿ. ಸೋರುತ್ತೆ ಅಂತ ವರ್ಷಾ ಒಂದೊಂದು ಪದರ ಮಣ್ಣು ಹಾಕುತ್ತಾ ಹೋದರೆ ಗೆದ್ದಲು ತಿಂದ ತೊಲೆ ಎಷ್ಟು ದಿನ ತಡೆದೀತು? 2009ರ ನೆರೆಯ ಮಳೆ ಕಂಡವರಿಗೆ ಮಾಳಿಗೆ ಕೆಳಗೆ ಮಲಗುವ ಭಯ ಏನೆಂದು ಗೊತ್ತು.

ತಪ್ಪಾಗಿದ್ದು ಬೇರೆ ಕಡೆ. ಆ ಮಣ್ಣು ಬಿಸಿಲಿಗೆ ಅಡ್ಡ ಇತ್ತು. ಮಧ್ಯಾಹ್ನದ ಕಾವು ಅದನ್ನು ದಾಟಿ ಕೆಳಗೆ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ಅದನ್ನು ತೆಗೆದ ನಾವು ಅದರ ಜಾಗಕ್ಕೆ ಏನೂ ಇಡಲಿಲ್ಲ. ತಗಡು ಕಾದರೆ ನೆತ್ತಿ ಮೇಲೇ ಕಾವು ಸುರಿಯುತ್ತದೆ. ಫ್ಯಾನು ಅದೇ ಬಿಸಿ ಗಾಳಿಯನ್ನು ತಿರುಗಿಸುತ್ತದೆ, ಅಷ್ಟೇ. ಕೂಲರ್ ತಂದವರನ್ನೂ ನೋಡಿದ್ದೇನೆ: ಮಧ್ಯಾಹ್ನ ಕರೆಂಟು ಇರಲ್ಲ, ಮೇ ತಿಂಗಳಲ್ಲಿ ಅದಕ್ಕೆ ಸುರಿಯೋಕೆ ನೀರೂ ಇರಲ್ಲ. ಕೂಲರಿನ ದುಡ್ಡನ್ನು ಮೊದಲು ಸೂರಿಗೆ ಹಾಕಿ ಅನ್ನೋದು ನನ್ನ ವಾದ.

ನಾನು ಮಾಡಿದ್ದು ಎರಡು ಕೆಲಸ, ಎರಡೂ ಮನೆಮಂದಿಯೇ. ಮೊದಲನೆಯದು ಮೇಲ್ಗಡೆ ಬಿಳಿ ಬಣ್ಣ. ಸುಣ್ಣ ಸಾಕು ಅಂತ ಶುರು ಮಾಡಿ ಕೈ ಸುಟ್ಟುಕೊಂಡೆ. ತಗಡಿಗೆ ಸುಣ್ಣ ಹಿಡಿಯಲ್ಲ, ಸಿಪ್ಪೆ ಎದ್ದು ಹೋಗುತ್ತೆ. ತುಕ್ಕು ಹಿಡಿದ ಕಡೆ ತಂತಿ ಬ್ರಶ್‌ನಿಂದ ಉಜ್ಜಿ, ಪ್ರೈಮರ್ ಹೊಡೆದು, ಆಮೇಲೆ ಹೊರಗೋಡೆಗೆ ಬಳಸುವ ಬಿಳಿ ಪೇಂಟ್ ಎರಡು ಕೋಟ್ ಹೊಡೆಯಬೇಕು. ತಗಡು ಹೊಸದಾಗಿ ಹೊಳೆಯುತ್ತಿದ್ದರೆ ಸತುವಿನ ಮೇಲೆ ಹಿಡಿಯುವ ಪ್ರೈಮರನ್ನೇ ಅಂಗಡಿಯಲ್ಲಿ ಕೇಳಿ ತನ್ನಿ. ಸುಣ್ಣ ಚೆನ್ನಾಗಿ ಹಿಡಿಯೋದು ಆರ್‌ಸಿಸಿ ಮೇಲೆ. ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಅಂಟು ಬೆರೆಸಿ, ಸಂಜೆ ಹೊತ್ತು ತೆಳುವಾಗಿ ಮೂರು ಸಲ ಬಳಿಯಿರಿ. ಮಳೆಗೆ ತೊಳೆದುಹೋಗುತ್ತೆ, ಮುಂದಿನ ವರ್ಷ ಮತ್ತೆ ಬಳಿಯಬೇಕು. ಸುಣ್ಣದ ಕಲ್ಲಿಗೆ ನೀರು ಹಾಕಿದರೆ ಕುದಿಯುತ್ತದೆ, ಮಕ್ಕಳನ್ನು ದೂರ ಇಡಿ, ಕಣ್ಣು ಜೋಪಾನ.

ಎರಡನೆಯದು ಕೆಳಗಡೆ ತಟ್ಟಿ. ತಗಡಿಗೂ ತಟ್ಟಿಗೂ ನಡುವೆ ಒಂದು ಮೊಳ ಜಾಗ ಬಿಟ್ಟು, ಬಿದಿರಿನ ಗಳ ಕಟ್ಟಿ, ಅದರ ಮೇಲೆ ಬಿದಿರು ತಟ್ಟಿ ಹಾಸಿದ್ವಿ. ನಡುವಿನ ಗಾಳಿ ಎರಡೂ ತುದಿಯಿಂದ ಹೊರಗೆ ಹೋಗುವಂತಿರಬೇಕು. ಮುಚ್ಚಿಬಿಟ್ಟರೆ ಅರ್ಧ ಕೆಲಸ ಹಾಳು. ತೆರೆದ ಬಾಯಿಗೆ ಜಾಳಿಗೆ ಬಡಿಯಿರಿ, ಇಲ್ಲದಿದ್ರೆ ಇಲಿ, ಅದರ ಹಿಂದೆ ಹಾವು. ವೈರ್‌ಗಳನ್ನು ಪೈಪಿನೊಳಗೆ ಹಾಕಿಸಿ, ಇಲಿ ಕಡಿದರೆ ಬಿದಿರಿಗೆ ಬೆಂಕಿ ಹತ್ತೋಕೆ ಹೊತ್ತು ಬೇಕಿಲ್ಲ. ಒಲೆ ಇರುವ ಕೋಣೆಗೆ ನಾನು ತಟ್ಟಿ ಹಾಕಲೇ ಇಲ್ಲ. ಥರ್ಮೋಕೋಲ್ ಅಗ್ಗ ಅಂತ ಕೆಲವರು ಹಾಕಿಸ್ತಾರೆ. ಅದು ಉರಿದರೆ ಬರುವ ಕರಿ ಹೊಗೆಯಲ್ಲಿ ಬಾಗಿಲು ಕೂಡ ಕಾಣಲ್ಲ. ಮಲಗುವ ಕೋಣೆಗೆ ಅದು ಬೇಡ.

ಹಳೇ ಕಲ್ನಾರಿನ ಶೀಟು ಇದ್ದವರು ಅದನ್ನು ಉಜ್ಜಬೇಡಿ, ತೂತು ಹಾಕಬೇಡಿ. ಅದರ ಧೂಳು ಪುಪ್ಪುಸಕ್ಕೆ ಕೆಟ್ಟದ್ದು.

ಈಗ ಮುಂದಿನ ಕೋಣೆಯಲ್ಲಿ ಮಧ್ಯಾಹ್ನ ಕೂತು ಉಣ್ಣಬಹುದು. ಮಾಳಿಗೆಯಷ್ಟು ತಂಪು ಅಂತ ಸುಳ್ಳು ಹೇಳಲ್ಲ. ಆದರೆ ರಾತ್ರಿ ಲೆಕ್ಕ ಉಲ್ಟಾ: ತಗಡು ಬೇಗ ಆರುತ್ತದೆ, ಮಣ್ಣು ಹಗಲಿನ ಕಾವನ್ನು ಬೆಳಗಿನ ತನಕ ಬಿಡುತ್ತಲೇ ಇರುತ್ತದೆ. ಹಾಗಾಗಿ ಅವ್ವ ಹಗಲು ಹಿಂದೆ, ರಾತ್ರಿ ಮುಂದೆ. ಹಿಂದಿನ ಮಾಳಿಗೆಯನ್ನು ನಾನು ಕೆಡವಲ್ಲ. ಮಳೆಗೆ ಮೊದಲು ಮೇಲಿನ ಹುಲ್ಲು ಕಿತ್ತು, ನೀರು ಹೋಗುವ ದೋಣಿ ಬಿಡಿಸಿ, ತೊಲೆಗೆ ಹಾರೆಯಿಂದ ಚುಚ್ಚಿ ಗೆದ್ದಲು ನೋಡ್ತೀನಿ. ಹೊಸ ಮಣ್ಣು ಬೇಕಾದರೆ ಅಷ್ಟೇ ಹಳೇ ಮಣ್ಣು ಮೊದಲು ಕೆಳಗಿಳಿಸ್ತೀನಿ.

ಬಣ್ಣ ಹೊಡೆಯೋದಿದ್ರೆ ಫೆಬ್ರವರಿಯೊಳಗೆ ಮುಗಿಸಿ. ಏಪ್ರಿಲ್‌ನಲ್ಲಿ ತಗಡಿನ ಮೇಲೆ ಕಾಲಿಡೋಕೇ ಆಗಲ್ಲ. ಹತ್ತಿದಾಗ ಮೊಳೆ ಸಾಲಿನ ಮೇಲೇ ಹೆಜ್ಜೆ ಇಡಿ, ಅದರ ಕೆಳಗೇ ಅಡ್ಡಪಟ್ಟಿ ಇರೋದು.